ಉಕ್ಕಿನ ತಂತಿಗೆ ಪಳಗಿದ ಕೈಗೆ ನೈಲಾನ್ ಗಿಟಾರ್

ಅಂಗಡಿಯಲ್ಲಿ ಕೂತು ಮೊದಲ ಸಲ ನೈಲಾನ್ ತಂತಿಯ ಗಿಟಾರ್ ಹಿಡಿದಾಗ ನನ್ನ ಎಡಗೈ ತಾನಾಗೇ ಒಂದು ಕೆಲಸ ಮಾಡಿತು. ಎರಡನೇ ತಂತಿಯನ್ನು ಎಂಟನೇ ಫ್ರೆಟ್ (ಕೊರಳಿನ ಅಡ್ಡಪಟ್ಟಿ) ಹತ್ತಿರ ಒತ್ತಿ, ಮೇಲಕ್ಕೆ ತಳ್ಳಿತು. ಹದಿನೈದು ವರ್ಷ ಉಕ್ಕಿನ ತಂತಿ ನುಡಿಸಿದ ಬೆರಳು ಅದು. ಉಕ್ಕಿನಲ್ಲಾದರೆ ಸ್ವರ ಅಳುತ್ತಾ ಏರುತ್ತಿತ್ತು. ಇಲ್ಲಿ ತಂತಿ ಸಾಕಷ್ಟು ದೂರ ಸರಿಯಿತು, ಸ್ವರ ಮಾತ್ರ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು.

ವೀಣೆ ನುಡಿಸುವವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ತಂತಿಯನ್ನು ಪಕ್ಕಕ್ಕೆ ಎಳೆದು ಗಮಕ ತೆಗೆಯಲು ಅವರಿಗೆ ಸಾಧ್ಯವಾಗುವುದು ಅದು ಲೋಹದ್ದಾದ್ದರಿಂದ. ಲೋಹದ ತಂತಿ ಸುಲಭಕ್ಕೆ ಹಿಗ್ಗುವುದಿಲ್ಲ. ಕೂದಲೆಳೆಯಷ್ಟು ಹಿಗ್ಗಿಸಿದರೂ ಬಿಗಿ ಸಟ್ಟನೆ ಏರುತ್ತದೆ, ಬಿಗಿಯ ಜೊತೆ ಸ್ವರವೂ ಏರುತ್ತದೆ. ನೈಲಾನ್ ಹಾಗಲ್ಲ. ಎಷ್ಟು ಎಳೆದರೂ ತಾನೇ ಉದ್ದವಾಗಿ ಸುಮ್ಮನಾಗುತ್ತದೆ. ಅಷ್ಟೇ ದೂರ ತಳ್ಳಿದರೆ ಅದರಲ್ಲಿ ಸ್ವರ ಏರುವುದು ಹಲವು ಪಟ್ಟು ಕಡಿಮೆ. ಬಿರಡೆಯಲ್ಲೂ ಇದನ್ನು ನೋಡಬಹುದು. ಉಕ್ಕಿನ ತಂತಿ ಸುತ್ತುವ ಕಂಬ ತೆಳುವಾದ ಲೋಹದ್ದು. ನೈಲಾನ್ ಸುತ್ತುವ ಉರುಳೆ ಸುಮಾರು 10 ಮಿ.ಮೀ. ದಪ್ಪ. ಹಿಗ್ಗುವ ತಂತಿಯನ್ನು ಶ್ರುತಿಗೆ ತರಲು ತುಂಬಾ ಸುತ್ತಬೇಕಲ್ವಾ, ಅದಕ್ಕೆ.

ಉಕ್ಕಿನಿಂದ ನೈಲಾನ್‌ಗೆ ಬರುವವರಿಗಾಗಿಯೇ 'ಕ್ರಾಸ್‌ಓವರ್' ಅನ್ನುವ ಗಿಟಾರ್‌ಗಳಿವೆ. ಕ್ಲಾಸಿಕಲ್ ಅನ್ನುವ ಸಾಂಪ್ರದಾಯಿಕ ನೈಲಾನ್ ಗಿಟಾರ್‌ನ ಕೊರಳು ಅಗಲ. ನಟ್ (ಕೊರಳ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಹತ್ತಿರ 52 ಮಿ.ಮೀ., ಮೇಲ್ಮೈ ಪೂರ್ತಿ ಚಪ್ಪಟೆ, ಕೊರಳು ಮೈಗೆ ಸೇರುವುದು 12ನೇ ಫ್ರೆಟ್‌ನಲ್ಲಿ. ನಮ್ಮ ಮಾಮೂಲಿ ಉಕ್ಕಿನ ತಂತಿಯ ಅಕೂಸ್ಟಿಕ್‌ನಲ್ಲಿ ನಟ್ ಸುಮಾರು 43 ಮಿ.ಮೀ., ಮೇಲ್ಮೈಗೆ ಸ್ವಲ್ಪ ಉಬ್ಬು, 14ನೇ ಫ್ರೆಟ್‌ವರೆಗೂ ಕೊರಳು ಬಿಡುವಾಗಿರುತ್ತದೆ. ಕ್ರಾಸ್‌ಓವರ್ ಇವೆರಡರ ನಡುವೆ ನಿಲ್ಲುತ್ತದೆ. ಯಮಾಹಾದ ಎನ್‌ಟಿಎಕ್ಸ್ ಸಾಲಿನಲ್ಲಿ ನಟ್ 48 ಮಿ.ಮೀ., ಟೇಲರ್ ನೈಲಾನ್ ಗಿಟಾರ್‌ಗಳಲ್ಲಿ ಸುಮಾರು 47.6 ಮಿ.ಮೀ. ಸ್ವಲ್ಪ ಉಬ್ಬು, ಹೆಚ್ಚಾಗಿ 14ನೇ ಫ್ರೆಟ್‌ನಲ್ಲಿ ಕೂಡುವ ಕೊರಳು, ಮೇಲಿನ ಫ್ರೆಟ್‌ಗಳಿಗೆ ಕೈ ಹೋಗಲು ಮೈಯಲ್ಲಿ ಕಟ್‌ಅವೇ ಅನ್ನುವ ಕತ್ತರಿಸಿದ ಬದಿ, ಒಳಗೆ ಸದ್ದನ್ನು ಸ್ಪೀಕರ್‌ಗೆ ಕಳಿಸಲು ಪಿಕಪ್. ಹಿಡಿದ ಕೂಡಲೇ ಎಡಗೈಗೆ ಪರಿಚಯದ ಮನೆಗೆ ಬಂದ ಹಾಗೆ ಅನ್ನಿಸುತ್ತದೆ.

ನಾನು ಮೋಸಹೋದದ್ದು ಇಲ್ಲೇ. ಅಂಗಡಿಯಲ್ಲಿ ಅರ್ಧ ಗಂಟೆ ಎಡಗೈ ಮಾತನ್ನೇ ಕೇಳಿದೆ. ಬಲಗೈಗೆ ಏನು ಬೇಕು ಅಂತ ವಿಚಾರಿಸಲೇ ಇಲ್ಲ. ಕ್ರಾಸ್‌ಓವರ್ ಸಲೀಸು ಮಾಡಿಕೊಡುವುದು ಎಡಗೈಗೆ. ಬಲಗೈಗೆ ಸಿಗುವುದು ಅದೇ ನೈಲಾನ್ ತಂತಿ.

ಆ ತಂತಿಯನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ತಂತಿಯ ಸ್ವರವನ್ನು ಮೂರು ವಿಷಯ ನಿರ್ಧರಿಸುತ್ತವೆ: ಅದರ ಉದ್ದ, ಬಿಗಿ, ಮತ್ತು ಪ್ರತಿ ಅಡಿಗೆ ಅದರ ತೂಕ. ಎರಡು ಬಗೆಯ ಗಿಟಾರ್‌ಗಳಲ್ಲೂ ತಂತಿಯ ಉದ್ದ ಸುಮಾರು 650 ಮಿ.ಮೀ. ಮೊದಲನೇ ತಂತಿ ಎರಡರಲ್ಲೂ ಸೆಕೆಂಡಿಗೆ ಸುಮಾರು 330 ಸಲ ಕಂಪಿಸಬೇಕು. ಉಕ್ಕು ನೈಲಾನ್‌ಗಿಂತ ಸುಮಾರು ಏಳು ಪಟ್ಟು ಸಾಂದ್ರ. ಹಾಗಾಗಿ ಉಕ್ಕಿನ ತಂತಿಗೆ 0.3 ಮಿ.ಮೀ. ದಪ್ಪ ಸಾಕು, ಅದನ್ನು ಹತ್ತು ಕೆಜಿಗಿಂತ ಸ್ವಲ್ಪ ಜಾಸ್ತಿ ಬಿಗಿಯಲ್ಲಿ ಎಳೆದು ಕಟ್ಟುತ್ತಾರೆ. ನೈಲಾನ್ ತಂತಿಯ ದಪ್ಪ 0.7 ಮಿ.ಮೀ., ಬಿಗಿ ಏಳು ಕೆಜಿ ಆಸುಪಾಸು. ಆರೂ ತಂತಿ ಕೂಡಿಸಿದರೆ ಉಕ್ಕಿನ ಗಿಟಾರ್ 70 ಕೆಜಿಗೂ ಮೀರಿದ ಎಳೆತ ತಡೆಯುತ್ತದೆ, ನೈಲಾನ್ ಗಿಟಾರ್ ಸುಮಾರು 40 ಕೆಜಿ.

ಇದರಿಂದ ಬಲಗೈಗೆ ಏನಾಗುತ್ತದೆ? ಬಿಗಿ ಕಡಿಮೆ, ಹಾಗಾಗಿ ತಂತಿ ಮೀಟಿದಾಗ ಅಗಲವಾಗಿ ಓಲಾಡುತ್ತದೆ. ಉಕ್ಕಿಗೆ ಹೊಡೆದ ಹಾಗೆ ಜೋರಾಗಿ ಹೊಡೆದರೆ ಫ್ರೆಟ್‌ಗೆ ಬಡಿದು ಗಿರ್ರ್ ಅನ್ನುತ್ತದೆ. ನೈಲಾನ್ ಒಳಗಿನ ಉಜ್ಜಾಟ ಎತ್ತರದ ಕಂಪನಗಳನ್ನು ಬೇಗ ನುಂಗಿಬಿಡುತ್ತದೆ. ಉಕ್ಕಿನಲ್ಲಿ ಝಲ್ಲೆಂದು ಹರಡಿ ನಿಲ್ಲುವ ಕಾರ್ಡ್ ಇಲ್ಲಿ ದುಂಡಗೆ, ಮೆತ್ತಗೆ ಬಂದು ಬೇಗ ಇಳಿಯುತ್ತದೆ. ಪ್ಲಾಸ್ಟಿಕ್ ಪಿಕ್ ಹಿಡಿದು ನುಡಿಸಿದರೆ ಸ್ವರಕ್ಕಿಂತ ಮೊದಲು 'ಟಕ್' ಅನ್ನುವ ಸದ್ದು ಕೇಳುತ್ತದೆ. ಬೆರಳ ತುದಿಯ ಮಾಂಸ ಮೊದಲು, ಆಮೇಲೆ ಉಗುರು ತಂತಿಗೆ ತಾಗಿ ಜಾರಿದಾಗ ಮಾತ್ರ ಈ ತಂತಿ ಬಾಯಿ ಬಿಡುತ್ತದೆ. ಅದನ್ನು ಕಲಿಯಲು ನನಗೆ ಮೂರು ತಿಂಗಳು ಬೇಕಾಯಿತು. ಉಗುರಿನ ಅಂಚಿನಲ್ಲಿ ಸಣ್ಣ ಕೊರಕಲಿದ್ದರೂ ತಂತಿ ಅದನ್ನು ಹೇಳಿಬಿಡುತ್ತದೆ.

ಪಿಕ್ ಬಿಡಲೇಬೇಕು ಅಂತೇನೂ ಇಲ್ಲ. ಅಮೆರಿಕದ ಗಾಯಕ ವಿಲ್ಲೀ ನೆಲ್ಸನ್ 1969ರಿಂದ ಒಂದೇ ನೈಲಾನ್ ಗಿಟಾರ್ ನುಡಿಸುತ್ತಾ ಬಂದಿದ್ದಾರೆ. ಮಾರ್ಟಿನ್ ಕಂಪನಿಯ ಎನ್-20, ಹೆಸರು 'ಟ್ರಿಗರ್'. ಅದನ್ನು ಅವರು ಪಿಕ್‌ನಲ್ಲೇ ನುಡಿಸುತ್ತಾರೆ. ನೈಲಾನ್ ಗಿಟಾರ್‌ಗೆ ಸಾಮಾನ್ಯವಾಗಿ ಪಿಕ್ ತಾಗದಂತೆ ಕಾಯುವ ಹಾಳೆ ಇರುವುದಿಲ್ಲ. ಹಾಗಾಗಿ ಟ್ರಿಗರ್‌ನ ಮರ ಸವೆದು ಸವೆದು, ಮಧ್ಯದ ರಂಧ್ರದ ಪಕ್ಕ ಇನ್ನೊಂದು ದೊಡ್ಡ ತೂತೇ ಬಿದ್ದಿದೆ. ಪಿಕ್ ಬಿಡಲು ಮನಸ್ಸಿಲ್ಲದವರು ಮೆತ್ತನೆಯದನ್ನು ಆರಿಸಿ, ಮರದ ಮೇಲೆ ತೆಳು ಪಾರದರ್ಶಕ ಹಾಳೆ ಅಂಟಿಸಿಕೊಳ್ಳಿ.

ಅದಕ್ಕೇ ನನ್ನ ಸಲಹೆ ಇಷ್ಟು. ಅಂಗಡಿಯಲ್ಲಿ ಮೊದಲ ಐದು ನಿಮಿಷ ಎಡಗೈಯನ್ನು ತೊಡೆ ಮೇಲಿಡಿ. ಬರೀ ಬಲಗೈಯಿಂದ ಖಾಲಿ ತಂತಿಗಳನ್ನು ಒಂದೊಂದಾಗಿ ಮೀಟಿ. ತಂತಿಗಳ ನಡುವೆ ನಿಮ್ಮ ಬೆರಳು ಸಲೀಸಾಗಿ ಇಳಿಯುತ್ತದಾ? ನಟ್‌ನ ಅಳತೆಯನ್ನು ಎಲ್ಲರೂ ಹೇಳುತ್ತಾರೆ. ಮೈಮೇಲೆ ತಂತಿ ಕಟ್ಟಿರುವ ಬ್ರಿಡ್ಜ್ ಹತ್ತಿರದ ಅಂತರವನ್ನು ಕೇಳುವವರೇ ಕಡಿಮೆ, ಬಲಗೈ ಬದುಕುವುದು ಅಲ್ಲೇ. ಮೂರನೇ ತಂತಿಯನ್ನು ಗಮನವಿಟ್ಟು ಕೇಳಿ. ನೈಲಾನ್‌ನಲ್ಲಿ ಅದು ಒಂದು ಮಿ.ಮೀ. ದಪ್ಪದ ಎಳೆ, ಆರರಲ್ಲಿ ಮಂಕಾಗುವುದು ಮೊದಲು ಅದೇ. ಅದು ಚೆನ್ನಾಗಿ ನುಡಿದರೆ ಗಿಟಾರ್ ಒಳ್ಳೆಯದಿರುವ ಸಾಧ್ಯತೆ ಜಾಸ್ತಿ. ಗಿಟಾರ್ ಇಷ್ಟವಾಗಿ ಮೂರನೇ ತಂತಿ ಮಾತ್ರ ಮಂಕಾದರೆ, 'ಕಾರ್ಬನ್' ಅಂತ ಮಾರುವ ಫ್ಲೋರೋಕಾರ್ಬನ್ ತಂತಿ ಹಾಕಿ ನೋಡಿ. ಅದು ನೈಲಾನ್‌ಗಿಂತ ಸಾಂದ್ರ, ಹಾಗಾಗಿ ತೆಳು, ಸದ್ದೂ ತಿಳಿ.

ತಂತಿಯ ಎತ್ತರ ನೋಡಿ ಗಾಬರಿಯಾಗಬೇಡಿ. 12ನೇ ಫ್ರೆಟ್ ಮೇಲೆ ಆರನೇ ತಂತಿ ಸುಮಾರು 3 ಮಿ.ಮೀ. ಎತ್ತರದಲ್ಲಿರಬಹುದು. ಓಲಾಡುವ ತಂತಿಗೆ ಅಷ್ಟು ಜಾಗ ಬೇಕು. ಉಕ್ಕಿನ ಗಿಟಾರ್ ಮಟ್ಟಕ್ಕೆ ಇಳಿಸಿಕೊಡಿ ಅಂತ ಕೇಳಿದರೆ ಗಿರಗುಟ್ಟುವ ಗಿಟಾರ್ ಮನೆಗೆ ಬರುತ್ತದೆ.

ಪಿಕಪ್ ವಿಷಯಕ್ಕೆ ಬಂದರೆ, ಎಲೆಕ್ಟ್ರಿಕ್ ಗಿಟಾರ್‌ನ ಅಯಸ್ಕಾಂತದ ಪಿಕಪ್‌ಗೆ ನೈಲಾನ್ ಇದೆ ಅನ್ನುವುದೇ ಗೊತ್ತಾಗುವುದಿಲ್ಲ. ಅದಕ್ಕೇ ಬ್ರಿಡ್ಜ್ ಮೇಲೆ ತಂತಿ ಕೂರುವ ಸ್ಯಾಡಲ್ ಕೆಳಗೆ ಪೀಜೋ ಪಟ್ಟಿ ಇಡುತ್ತಾರೆ. ಅದು ಒತ್ತಡವನ್ನು ವಿದ್ಯುತ್ತಾಗಿ ಬದಲಿಸುತ್ತದೆ. ವೇದಿಕೆಗೆ ತೆಳು ಮೈಯ ಗಿಟಾರ್ ಒಳ್ಳೆಯದು, ಸ್ಪೀಕರ್ ಎದುರು ಬೇಗ ಕೂಗುವುದಿಲ್ಲ. ಮನೆಯಲ್ಲಿ ರಾತ್ರಿ ಒಬ್ಬರೇ ನುಡಿಸುವವರಿಗೆ ಪೂರ್ತಿ ಆಳದ ಮೈಯನ್ನೇ ಹೇಳುತ್ತೇನೆ.

ಒಂದು ಎಚ್ಚರಿಕೆ ಗಟ್ಟಿಯಾಗಿ ಹೇಳಬೇಕು. ಬಹಳಷ್ಟು ಕ್ರಾಸ್‌ಓವರ್‌ಗಳ ಕೊರಳಲ್ಲಿ ಉಕ್ಕಿನ ಗಿಟಾರ್‌ನಲ್ಲಿರುವಂಥದ್ದೇ, ಕೊರಳು ಬಾಗದಂತೆ ತಡೆಯುವ ಲೋಹದ ಸರಳು ಇರುತ್ತದೆ. ಅದನ್ನು ನೋಡಿ ಉಕ್ಕಿನ ತಂತಿಯೂ ನಡೆಯುತ್ತದೆ ಅಂದುಕೊಳ್ಳಬೇಡಿ. ಇದರ ಮುಂಭಾಗದ ಹಲಗೆ ತೆಳು. ಒಳಗೆ ಬೀಸಣಿಗೆಯ ಕಡ್ಡಿಗಳ ಹಾಗೆ ಹಗುರ ಪಟ್ಟಿಗಳಿರುತ್ತವೆ, 19ನೇ ಶತಮಾನದಲ್ಲಿ ಸ್ಪೇನಿನ ಆಂಟೋನಿಯೋ ಡಿ ಟೋರೆಸ್ ನೆಲೆಗೊಳಿಸಿದ ಕ್ರಮ ಅದು. ಆಗ ಪ್ರಾಣಿಗಳ ಕರುಳಿನ ತಂತಿ ಇತ್ತು. ಎರಡನೇ ಮಹಾಯುದ್ಧದಲ್ಲಿ ಕರುಳು ಗಾಯದ ಹೊಲಿಗೆಗೆ ಹೋಗಿ ತಂತಿಗೆ ಸಿಗದಂತಾಯಿತು. 1940ರ ದಶಕದಲ್ಲಿ ನ್ಯೂಯಾರ್ಕ್‌ನ ಆಲ್ಬರ್ಟ್ ಆಗಸ್ಟಿನ್ ನೈಲಾನ್ ತಂತಿ ರೂಪಿಸಿದರು, ಸ್ಪೇನಿನ ಹೆಸರಾಂತ ಗಿಟಾರ್ ವಾದಕ ಆಂಡ್ರೆಸ್ ಸೆಗೋವಿಯಾ ಬೆನ್ನಿಗೆ ನಿಂತರು. ತಂತಿ ಬದಲಾಯಿತು, ಹಲಗೆ ಹಗುರವಾಗಿಯೇ ಉಳಿಯಿತು. ನಮ್ಮ ಮಾವನ ಮಗ ಇಂಥ ಗಿಟಾರ್‌ಗೆ ಉಕ್ಕಿನ ತಂತಿ ಕಟ್ಟಿದ್ದ. ಎರಡು ವಾರದಲ್ಲಿ ಬ್ರಿಡ್ಜ್‌ನ ಹಿಂಬದಿ ಎದ್ದು, ಸಂದಿಯಲ್ಲಿ ಪೋಸ್ಟ್‌ಕಾರ್ಡ್ ತೂರುವಷ್ಟಾಗಿತ್ತು.

ಹಿಂಭಾಗದ ಮರ ನೋಡುವಾಗ ಒಂದು ಖುಷಿ ಇದೆ. 'ಇಂಡಿಯನ್ ರೋಸ್‌ವುಡ್' ಅಂತ ಬರೆದಿದ್ದರೆ ಅದು ನಮ್ಮ ಬೀಟೆ. ಪಶ್ಚಿಮ ಘಟ್ಟದ ಕಾಡಿನ ಮರ. ಬ್ರೆಜಿಲ್‌ನ ರೋಸ್‌ವುಡ್ ದಿಮ್ಮಿಗಳು ಸಿಗುವುದು ಕಷ್ಟವಾದ ಮೇಲೆ, 1969ರಲ್ಲಿ ಮಾರ್ಟಿನ್ ಕಂಪನಿ ಬೀಟೆಗೆ ಬದಲಾಯಿತು.

ಮನೆಗೆ ತಂದ ಮೇಲೆ ಹವೆಯ ಕಡೆ ಗಮನವಿರಲಿ. ಮಂಗಳೂರಿನ ಮಳೆಗಾಲದಲ್ಲಿ ಉಕ್ಕಿನ ತಂತಿಗೆ ಹಿಡಿಯುವ ತುಕ್ಕು ನೈಲಾನ್‌ಗೆ ಇಲ್ಲ. ಆದರೆ ನೈಲಾನ್ ತೇವ ಹೀರುತ್ತದೆ, ಶ್ರುತಿ ಅಲುಗುತ್ತದೆ. ಬಳ್ಳಾರಿ, ಕಲಬುರಗಿಯ ಬೇಸಿಗೆಯಲ್ಲಿ ಮರ ಒಣಗಿ ಬಿರುಕು ಬಿಡಬಹುದು, ಪೆಟ್ಟಿಗೆಯಲ್ಲೇ ಇಡಿ. ಹೊಸ ತಂತಿ ಹಾಕಿದ ಮೊದಲ ಕೆಲವು ದಿನ ಅದು ಹಿಗ್ಗುತ್ತಲೇ ಇರುತ್ತದೆ. ಸಂಜೆ ಸರಿಮಾಡಿಟ್ಟ ಗಿಟಾರ್ ಬೆಳಗ್ಗೆ ಇಳಿದಿರುತ್ತದೆ. ನಾನು ಕಾಫಿ ಕಾಯಿಸಲು ಇಡುವ ಮೊದಲು ಒಂದು ಸಲ, ಕುಡಿದ ಮೇಲೆ ಇನ್ನೊಂದು ಸಲ ಬಿರಡೆ ತಿರುಗಿಸುತ್ತಿದ್ದೆ. ಐದನೇ ದಿನ ಕಾಫಿ ಕುಡಿದು ಬಂದು ಮೀಟಿದರೆ, ಆರೂ ತಂತಿ ಬಿಟ್ಟಲ್ಲೇ ಇದ್ದವು.