ರುಮಟಾಯ್ಡ್ ಸಂಧಿವಾತದ ಕೈ: ಸೊಟ್ಟ ಬೆರಳಿನ ಹಿಂದಿರುವ ಹಗ್ಗಗಳ ಲೆಕ್ಕ

ಈ ಪಾಠ ಮೊದಲ ಸಲ ಓದಿದಾಗ ಬೆರಳು ಸೊಟ್ಟಗಾಗುವ ಬಗೆಗಳ ಹೆಸರುಗಳನ್ನಷ್ಟೇ ಉರು ಹೊಡೆದಿದ್ದೆ: ಸ್ವಾನ್ ನೆಕ್, ಬೂಟನಿಯರ್, ಝಡ್ ಹೆಬ್ಬೆರಳು. ಪರೀಕ್ಷೆ ಮುಗಿದ ವಾರಕ್ಕೆ ಎಲ್ಲ ಮರೆತುಹೋಯಿತು. ಹಗ್ಗದ ಲೆಕ್ಕದಲ್ಲಿ ನೋಡಿದ ಮೇಲೆ ಉರು ಹೊಡೆಯುವ ಕೆಲಸವೇ ಉಳಿಯಲಿಲ್ಲ.

ಹಗ್ಗ ಅಂದರೆ ಸ್ನಾಯುವನ್ನು ಎಲುಬಿಗೆ ಕಟ್ಟುವ ಸ್ನಾಯುರಜ್ಜು. ಈ ಕಾಯಿಲೆಯಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಕೀಲಿನ ಒಳಪೊರೆಯಾದ ಸೈನೋವಿಯಂ ಮೇಲೆ ತಿರುಗಿಬೀಳುತ್ತದೆ. ಪೊರೆ ಊದಿಕೊಂಡು ಕೀಲಿನ ಕಟ್ಟು ಸಡಿಲಾಗುತ್ತದೆ, ಎಲುಬೂ ಸವೆಯುತ್ತದೆ. ಹಗ್ಗ ತನ್ನ ಜಾಗದಿಂದ ಜಾರಿದರೆ, ಬೆರಳನ್ನು ನೆಟ್ಟಗೆ ಹಿಡಿದಿದ್ದ ಎಳೆತವೇ ಅದನ್ನು ಕಿರುಬೆರಳಿನ ಕಡೆಗೆ ವಾಲಿಸುತ್ತದೆ. ಪೆಟ್ಟು ಬೀಳುವುದು ಹೆಚ್ಚಾಗಿ ಮಣಿಕಟ್ಟು, ಬುಡದ ಗೆಣ್ಣು, ನಡುಗೆಣ್ಣಿಗೆ. ತುದಿಗೆಣ್ಣು ಸಾಮಾನ್ಯವಾಗಿ ಪಾರು.

ಹಾಗಾಗಿ ಮೊದಲ ಚಿಕಿತ್ಸೆ ಪೊರೆಯ ಊತಕ್ಕೆ. ಸಾಮಾನ್ಯವಾಗಿ ರೋಗನಿರೋಧಕ ವ್ಯವಸ್ಥೆಯ ದಾಳಿ ತಗ್ಗಿಸುವ ಮೆಥೊಟ್ರೆಕ್ಸೇಟ್‌ನಿಂದ ಶುರು. ಜೊತೆಗೆ ಫೋಲಿಕ್ ಆಮ್ಲ. ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನದ ಮಾತ್ರೆ. ದಿನಾ ನುಂಗಿದರೆ ರಕ್ತಕಣಗಳು ಕುಸಿದು ಜೀವಕ್ಕೇ ಅಪಾಯ. ಚೀಟಿಯಲ್ಲಿ ‘ವಾರಕ್ಕೊಮ್ಮೆ’ ಅಂತ ಬರೆದರೆ ಸಾಲದು, ವಾರದ ಯಾವ ದಿನ ಅನ್ನುವುದನ್ನೂ ಬರೆಯಬೇಕು. ಸ್ಟೆರಾಯ್ಡ್ ಬೇಗ ಆರಾಮ ಕೊಡುತ್ತದೆ. 1948ರಲ್ಲಿ ಅಮೆರಿಕದ ವೈದ್ಯ ಫಿಲಿಪ್ ಹೆಂಚ್ ತಂಡ ಈ ರೋಗಿಗಳಿಗೆ ಮೊದಲು ಕಾರ್ಟಿಸೋನ್ ಎಂಬ ಸ್ಟೆರಾಯ್ಡ್ ಕೊಟ್ಟಿತು, 1950ರಲ್ಲಿ ನೊಬೆಲ್ ಬಂತು. ಅಡ್ಡಪರಿಣಾಮಗಳ ಪಟ್ಟಿಯೂ ಬೆನ್ನಿಗೇ ಬಂತು.

ಸ್ಪ್ಲಿಂಟ್, ಅಂದರೆ ಬೆರಳಿಗೆ ಆಸರೆಯಾಗಿ ಕಟ್ಟುವ ಸಾಧನದ ಬಗ್ಗೆ ನನಗಿದ್ದ ತಪ್ಪು ಕಲ್ಪನೆ: ಕಟ್ಟಿದರೆ ಬೆರಳು ನೆಟ್ಟಗಾಗುತ್ತದೆ ಅಂತ. ಗಟ್ಟಿಯಾಗಿ ಹೋದ ಸೊಟ್ಟ ಅದರಿಂದ ಸರಿಹೋಗುವುದಿಲ್ಲ. ಸ್ವಾನ್ ನೆಕ್‌ನಲ್ಲಿ ನಡುಗೆಣ್ಣು ಹಿಂದಕ್ಕೆ ಬಾಗುತ್ತದೆ. ಇನ್ನೂ ಮಡಿಸಲು ಬರುವ ಬೆರಳಿಗೆ ಎಂಟರ ಆಕಾರದ ಉಂಗುರ ಹಾಕಿದರೆ ಹಿಂದಕ್ಕೆ ಬಾಗುವುದಷ್ಟೇ ನಿಲ್ಲುತ್ತದೆ, ಮುಷ್ಟಿ ಕಟ್ಟಲು ಅಡ್ಡಿಯಿಲ್ಲ. ಸದಾ ಕಟ್ಟಿಟ್ಟರೆ ಕೈ ಬಿಗಿಯುತ್ತದೆ, ಅದಕ್ಕೇ ವ್ಯಾಯಾಮವೂ ಬೇಕು.

ಇನ್ನು ನಾನು ಅಡಿಗೆರೆ ಎಳೆದ ಭಾಗ. ರೋಗಿ ಬಂದು ಹೇಳುತ್ತಾರೆ: ‘ನೋವೇನಿಲ್ಲ, ಕಿರುಬೆರಳು ಮಾತ್ರ ಎತ್ತಕ್ಕೆ ಬರ್ತಿಲ್ಲ.’ ನೋವಿಲ್ಲ ಅಂತ ಮುಂದೂಡಬೇಡಿ. ಮಣಿಕಟ್ಟಿನ ಹತ್ತಿರ, ಕಿರುಬೆರಳಿನ ಕಡೆಯ ಅಲ್ನಾ ಎಲುಬಿನ ಮೊನೆಗೆ ಉಜ್ಜಿ ಉಜ್ಜಿ ಹಗ್ಗ ಹರಿದಿರಬಹುದು. ತಡಮಾಡಿದರೆ ಪಕ್ಕದ ಉಂಗುರ ಬೆರಳಿನ ಸರದಿ. ಬೆರಳನ್ನು ನೀವೇ ಎತ್ತಿ ಬಿಡಿ. ಹಾಗೇ ನಿಂತರೆ ಹಗ್ಗ ಹರಿದಿಲ್ಲ, ಗೆಣ್ಣಿನ ಮೇಲಿಂದ ಪಕ್ಕಕ್ಕೆ ಜಾರಿದೆ. ಬಿದ್ದುಬಿಟ್ಟರೆ ಮಣಿಕಟ್ಟನ್ನು ಕೆಳಗೆ ಬಾಗಿಸಿ ನೋಡಿ: ಬೆರಳು ತಾನಾಗಿ ನೀಳವಾದರೆ ಹಗ್ಗ ಇದೆ, ನರದ ತೊಂದರೆ ಇರಬಹುದು. ಆಗಲೂ ಜೋತಾಡಿದರೆ ಹರಿದಿದೆ ಅಂತಲೇ ಅನುಮಾನಿಸಬೇಕು. ಹರಿದ ತುದಿಗಳು ಜೀರ್ಣವಾಗಿರುವುದರಿಂದ ನೇರ ಹೊಲಿಗೆ ಸಾಮಾನ್ಯವಾಗಿ ಹಿಡಿಯುವುದಿಲ್ಲ. ಪಕ್ಕದ ಹಗ್ಗಕ್ಕೆ ಸೇರಿಸುತ್ತಾರೆ, ಇಲ್ಲವೇ ತೋರುಬೆರಳಿನ ಎರಡು ಹಗ್ಗಗಳಲ್ಲಿ ಒಂದನ್ನು ತಂದು ಜೋಡಿಸುತ್ತಾರೆ. ಮೊನೆಯನ್ನು ತೆಗೆಯದಿದ್ದರೆ ಹೊಸದೂ ಸವೆಯುತ್ತದೆ.

ಬುಡದ ಗೆಣ್ಣಿಗೆ ಸಿಲಿಕೋನ್ ಕೀಲು ಹಾಕುವುದಾದರೆ ಮಣಿಕಟ್ಟನ್ನು ಮೊದಲು ಸರಿಪಡಿಸಬೇಕು. ಮಣಿಕಟ್ಟು ಹೆಬ್ಬೆರಳಿನ ಕಡೆ ವಾಲಿದ್ದರೆ ಬೆರಳುಗಳು ಮತ್ತೆ ಎದುರು ದಿಕ್ಕಿಗೆ ಹೊರಳುತ್ತವೆ. ಈ ಕೀಲಿನಿಂದ ನೋವು ತಗ್ಗುತ್ತದೆ, ಕೈ ನೋಡಲು ನೆಟ್ಟಗಾಗುತ್ತದೆ. ಹಿಡಿತದ ಬಲ ಅಷ್ಟಾಗಿ ಹೆಚ್ಚುವುದಿಲ್ಲ. ಇದನ್ನು ರೋಗಿಗೆ ಮೊದಲೇ ಹೇಳಬೇಕು.

ಕೈ ಆಪರೇಷನ್‌ಗೆ ಕತ್ತಿನ ಎಕ್ಸ್‌ರೇ ಯಾಕೆ ಅಂತ ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಕೇಳಿದರೆ: ಇದೇ ಪೊರೆಯೂತ ಕತ್ತಿನ ಮೊದಲೆರಡು ಮೂಳೆಗಳ ಕಟ್ಟನ್ನೂ ಸಡಿಲಿಸಿರಬಹುದು. ಅರಿವಳಿಕೆ ಕೊಡುವಾಗ ತಲೆಯನ್ನು ಹಿಂದೆ ಮುಂದೆ ಬಾಗಿಸಿದರೆ ಬೆನ್ನುಹುರಿಗೆ ಪೆಟ್ಟು ಬೀಳಬಹುದು.