ಬಿಸಿಲಿಗೆ ಬಣ್ಣ ಹೋಗುತ್ತೆ, ವಿಷ ಹೋಗುತ್ತಾ?

ಕಲಬುರಗಿ, ಬೀದರ್, ಯಾದಗಿರಿ ಕಡೆ ಬಿಸಿಲಿಗೆ ಬರವಿಲ್ಲ. ಬರ ಇರುವುದು ಒಳ್ಳೆಯ ನೀರಿಗೆ. ಹಾಗಾಗಿ ‘ಬಿಸಿಲಲ್ಲೇ ಕೊಳಕು ನೀರು ಶುದ್ಧ ಮಾಡುವ ಪುಡಿ’ ಎಂಬ ಸುದ್ದಿ ಬಂದಾಗಲೆಲ್ಲ ಇಲ್ಲಿ ಆಸೆ ಹುಟ್ಟುತ್ತದೆ. ಸುದ್ದಿ ಮತ್ತೆ ಮತ್ತೆ ಬರುತ್ತದೆ, ಪುಡಿ ಮಾತ್ರ ಊರಿಗೆ ಬಂದಿಲ್ಲ. ಯಾಕೆ ಅಂತ ತಿಳಿಯಲು ಸ್ವಲ್ಪ ಹಿಂದಿನಿಂದ ನೋಡಬೇಕು.

ಈ ಪುಡಿಗಳಿಗೆ ಫೋಟೋಕ್ಯಾಟಲಿಸ್ಟ್ ಎನ್ನುತ್ತಾರೆ. ಎಲ್ಲಕ್ಕಿಂತ ಹೆಸರುವಾಸಿಯಾದದ್ದು ಟೈಟಾನಿಯಂ ಡೈಆಕ್ಸೈಡ್, ಗೋಡೆಯ ಪೇಂಟಿಗೆ ಬಿಳಿ ಬಣ್ಣ ಕೊಡುವ ಅದೇ ಪುಡಿ. ಬೆಳಕು ಬಿದ್ದಾಗ ಅದರೊಳಗಿನ ಎಲೆಕ್ಟ್ರಾನ್ ಮೇಲಕ್ಕೆ ನೆಗೆಯುತ್ತದೆ. ಖಾಲಿಯಾದ ಜಾಗ ನೀರಿನಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ. ಆಗ ಹುಟ್ಟುವ, ತುಂಬ ಚುರುಕಾದ ಕಣವಾದ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎದುರಿಗೆ ಸಿಕ್ಕ ಸಾವಯವ, ಅಂದರೆ ಇಂಗಾಲದಿಂದಾದ, ವಸ್ತುವನ್ನೆಲ್ಲ ಉತ್ಕರ್ಷಿಸಿ (ಎಲೆಕ್ಟ್ರಾನ್ ಕಿತ್ತುಕೊಂಡು) ಒಡೆಯುತ್ತದೆ. ಕ್ಲೋರಿನ್‌ಗಿಂತ ಅದರ ಶಕ್ತಿ ಜಾಸ್ತಿ. ಪುಡಿ ತಾನು ಖರ್ಚಾಗುವುದಿಲ್ಲ.

1972ರಲ್ಲಿ ಜಪಾನಿನ ಫುಜಿಶಿಮಾ ಮತ್ತು ಹೊಂಡಾ ಟೈಟಾನಿಯಂ ಡೈಆಕ್ಸೈಡ್ ಮೇಲೆ ಬೆಳಕು ಬಿಟ್ಟು ನೀರನ್ನು ಹೈಡ್ರೋಜನ್, ಆಮ್ಲಜನಕವಾಗಿ ಒಡೆದದ್ದನ್ನು ಪ್ರಕಟಿಸಿದರು. 1977ರಲ್ಲಿ ಅಮೆರಿಕದ ಫ್ರಾಂಕ್ ಮತ್ತು ಬಾರ್ಡ್ ಅದೇ ಪುಡಿಯಿಂದ ನೀರಿನ ಸಯನೈಡನ್ನು ಉತ್ಕರ್ಷಿಸಿ ತೋರಿಸಿದರು. ಇಂಧನದ ಜೊತೆಗೆ ನೀರಿನ ಶುದ್ಧೀಕರಣದ ದಾರಿಯೂ ತೆರೆಯಿತು. ಒಂದು ತೊಡಕಿತ್ತು. ಈ ಪುಡಿಗೆ ಬೇಕಾದದ್ದು ನೇರಳಾತೀತ ಬೆಳಕು, ಬಿಸಿಲಲ್ಲಿ ಅದರ ಪಾಲು ಸುಮಾರು ನೂರಕ್ಕೆ ಐದು ಮಾತ್ರ. ಉಳಿದ ಬಿಸಿಲನ್ನೂ ಬಳಸಲು ಯಾರೋ ನೈಟ್ರೋಜನ್ ಬೆರೆಸಿದರು, ಯಾರೋ ಕಬ್ಬಿಣ, ಬೆಳ್ಳಿ ಬೆರೆಸಿದರು. 2009ರಲ್ಲಿ ಲೋಹವೇ ಇಲ್ಲದ ಹಳದಿ ಪುಡಿ, ಕಾರ್ಬನ್ ನೈಟ್ರೈಡ್, ಈ ಪಟ್ಟಿಗೆ ಸೇರಿತು. ಹೊಲಕ್ಕೆ ಹಾಕುವ ಯೂರಿಯಾವನ್ನು ಮುಚ್ಚಿದ ಮೂಸೆಯಲ್ಲಿಟ್ಟು ಸುಮಾರು 550 ಡಿಗ್ರಿಗೆ ಕಾಯಿಸಿದರೂ ಅದು ಸಿಗುತ್ತದೆ.

ಯೂರಿಯಾ ಇದಕ್ಕೂ ಮುಂಚೆಯೇ ನಮ್ಮ ಲ್ಯಾಬ್‌ಗಳಿಗೆ ಉಪಕಾರ ಮಾಡಿತ್ತು. 1988ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಸಿ. ಪಾಟೀಲ ಮತ್ತು ಸಂಗಡಿಗರು ದ್ರಾವಣ ದಹನದ ವಿಧಾನವನ್ನು ಪ್ರಕಟಿಸಿದರು. ಲೋಹದ ನೈಟ್ರೇಟ್, ಯೂರಿಯಾ, ಸ್ವಲ್ಪ ನೀರು. ಗಾಜಿನ ಬಟ್ಟಲನ್ನು 500 ಡಿಗ್ರಿ ಕುಲುಮೆಯಲ್ಲಿ ಇಟ್ಟರೆ ನೀರು ಕುದಿದು ಆರುತ್ತದೆ, ದ್ರಾವಣ ನೊರೆಯಾಗಿ ಉಬ್ಬುತ್ತದೆ, ಒಮ್ಮೆಲೇ ಹೊತ್ತಿ ಉರಿಯುತ್ತದೆ. ಐದು ನಿಮಿಷದಲ್ಲಿ ಹಗುರವಾದ ಬೂದಿಯಂಥ ಆಕ್ಸೈಡ್ ಪುಡಿ ಕೈಗೆ ಬರುತ್ತದೆ. ಕೋಟಿ ರೂಪಾಯಿ ಯಂತ್ರ ಬೇಡ. ನಮ್ಮ ಭಾಗಕ್ಕೆ 1980ರಲ್ಲಿ ಗುಲ್ಬರ್ಗ ವಿಶ್ವವಿದ್ಯಾಲಯ, 2009ರಲ್ಲಿ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ ಬಂದದ್ದೂ ಈ ಸಂಶೋಧನೆ ಬೆಳೆಯುತ್ತಿದ್ದ ಕಾಲದಲ್ಲೇ. ಸಣ್ಣ ಊರಿನ ವಿದ್ಯಾರ್ಥಿಯೂ ಹೊಸ ವಸ್ತು ಮಾಡಿ ನೋಡಬಹುದಾದದ್ದು ನಿಜಕ್ಕೂ ದೊಡ್ಡ ಸಂಗತಿ.

ಪುಡಿ ಮಾಡಿದ ಮೇಲೆ ಪರೀಕ್ಷೆ. ಬಹುತೇಕ ಕಡೆ ಅದು ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣದ ಮೇಲೇ ನಡೆಯುತ್ತದೆ. ಡಿಸ್ಟಿಲ್ಡ್ ವಾಟರ್‌ನಲ್ಲಿ ಬಣ್ಣ ಕರಗಿಸಿ, ಪುಡಿ ಹಾಕಿ, ಮೊದಲು ಕತ್ತಲಲ್ಲಿ ತಿರುಗಿಸುತ್ತಾರೆ. ಆಮೇಲೆ ದೀಪ ಹಚ್ಚುತ್ತಾರೆ. ಆಗಾಗ ಸ್ವಲ್ಪ ತೆಗೆದು, ಈ ನೀಲಿ ಹೆಚ್ಚು ಹೀರುವ 664 ನ್ಯಾನೋಮೀಟರ್ ಬೆಳಕಿನಲ್ಲಿ ಬಣ್ಣ ಎಷ್ಟು ಉಳಿದಿದೆ ಅಂತ ಅಳೆಯುತ್ತಾರೆ. ಕಡು ನೀಲಿಯಿಂದ ತಿಳಿನೀರಿನವರೆಗೆ ಸಾಲಾಗಿ ನಿಂತ ಟ್ಯೂಬುಗಳ ಫೋಟೋ ಚೆಂದ ಕಾಣುತ್ತದೆ. ಇಂಥ ಪ್ರಬಂಧಗಳಿಗೆ ಜಗತ್ತಿನಾದ್ಯಂತ ಲೆಕ್ಕವಿಲ್ಲ.

ಆದರೆ ಬಣ್ಣ ಹೋಯಿತು ಅಂದರೆ ವಸ್ತು ಹೋಯಿತು ಅಂತ ಅಲ್ಲ. ಬಣ್ಣ ಪುಡಿಗೆ ಸುಮ್ನೆ ಅಂಟಿಕೊಂಡಿರಬಹುದು. ಎಲೆಕ್ಟ್ರಾನ್ ಸಿಕ್ಕರೂ ಮೆಥಿಲೀನ್ ಬ್ಲೂ ಬಣ್ಣ ಬಿಡುತ್ತದೆ, ಗಾಳಿ ತಾಗಿದರೆ ಮತ್ತೆ ನೀಲಿಯಾಗುತ್ತದೆ. ಬಣ್ಣವೇ ಬೆಳಕು ಹೀರಿಕೊಂಡು ಪುಡಿಯ ಲೆಕ್ಕವನ್ನು ಕೆಡಿಸುವುದೂ ಉಂಟು. ನಿಜ ತಿಳಿಯಬೇಕಾದರೆ ನೀರಿನಲ್ಲಿ ಉಳಿದ ಒಟ್ಟು ಸಾವಯವ ಇಂಗಾಲವನ್ನು ಅಳೆಯಬೇಕು.

ಇನ್ನೊಂದು ಮಾತು ನನ್ನ ಮಟ್ಟಿಗೆ ಇದಕ್ಕಿಂತ ಮುಖ್ಯ. ನಮ್ಮ ಬೋರ್‌ವೆಲ್ ನೀರು ಡಿಸ್ಟಿಲ್ಡ್ ವಾಟರ್ ಅಲ್ವಲ್ಲ! ಗಡಸು ನೀರಿನ ಬೈಕಾರ್ಬೊನೇಟ್ ಆ ರ‍್ಯಾಡಿಕಲ್‌ಗಳನ್ನು ಮೊದಲೇ ನುಂಗಿಬಿಡುತ್ತದೆ, ಕ್ಲೋರೈಡ್ ಕೂಡ ಅಡ್ಡ ಬರುತ್ತದೆ. ಬೀದರ್‌ನ ಕೊಳಾರ, ಯಾದಗಿರಿಯ ಕಡೇಚೂರು ಕೈಗಾರಿಕಾ ಪ್ರದೇಶಗಳಲ್ಲಿ ಔಷಧಿ, ರಾಸಾಯನಿಕ ಘಟಕಗಳಿವೆ. ಸುತ್ತಲಿನ ಹಳ್ಳಿಯವರು ವಾಸನೆ ಮತ್ತು ನೀರಿನ ಬಗ್ಗೆ ವರ್ಷಗಳಿಂದ ದೂರುತ್ತಿದ್ದಾರೆ. ಔಷಧಿ ತಯಾರಿಕೆಯ ತ್ಯಾಜ್ಯನೀರಿನಲ್ಲಿ ಉಪ್ಪಿನಂಶ ಸಾಮಾನ್ಯವಾಗಿ ಜಾಸ್ತಿ. ಲ್ಯಾಬಿನಲ್ಲಿ ಒಂದು ಗಂಟೆಗೆ ಮುಗಿದ ಕೆಲಸ ಅಲ್ಲಿ ಅಷ್ಟಕ್ಕೇ ಮುಗಿಯುತ್ತದೆ ಎನ್ನುವಂತಿಲ್ಲ. ಜೊತೆಗೆ ನೀರಿಗೆ ಹಾಕಿದ ನ್ಯಾನೋ ಪುಡಿಯನ್ನು ಪೂರ್ತಿ ಹೊರತೆಗೆಯಬೇಕು, ಇಲ್ಲದಿದ್ದರೆ ಅದೂ ಒಂದು ಕಲ್ಮಶವೇ.

ಹಾಗಂತ ಕೈಬಿಡುವ ವಿದ್ಯೆ ಇದಲ್ಲ. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾವನ್ನೇ ನೋಡಿ. ಹಳೆಯ ಚಿನ್ನದ ಗಣಿ ಪ್ರದೇಶದ ಹತ್ತಿರದ ಈ ತಾಂಡಾದ ನೀರಲ್ಲಿ ಆರ್ಸೆನಿಕ್ ಸಿಕ್ಕಿತು. ಜನರ ಮೈಮೇಲೆ ಕಲೆ ಎದ್ದವು, ಅಂಗೈ ಅಂಗಾಲು ಗಡುಸಾದವು. 2013ರಲ್ಲಿ ಇದು ಅಂತರರಾಷ್ಟ್ರೀಯ ವಿಜ್ಞಾನ ಪತ್ರಿಕೆಯಲ್ಲೂ ದಾಖಲಾಯಿತು. ಲೀಟರಿಗೆ 10 ಮೈಕ್ರೋಗ್ರಾಂ ದಾಟಿದರೆ ಆ ನೀರು ಕುಡಿಯಲು ಲಾಯಕ್ಕಲ್ಲ. ನೆಲದಡಿಯ ನೀರಲ್ಲಿ ಆರ್ಸೆನಿಕ್‌ಗೆ ಎರಡು ರೂಪ, ಆರ್ಸನೈಟ್ ಮತ್ತು ಆರ್ಸನೇಟ್. ಆರ್ಸನೈಟ್‌ಗೆ ವಿಷ ಜಾಸ್ತಿ, ಅದು ಕಬ್ಬಿಣದ ತುಕ್ಕಿಗೆ ಅಷ್ಟು ಸುಲಭವಾಗಿ ಅಂಟುವುದಿಲ್ಲ. ಬೆಳಕಿನಿಂದ ಉತ್ಕರ್ಷಿಸಿ ಆರ್ಸನೇಟ್ ಮಾಡಿದರೆ ಚೆನ್ನಾಗಿ ಅಂಟಿ, ತುಕ್ಕಿನ ಜೊತೆ ತಳಕ್ಕೆ ಇಳಿಯುತ್ತದೆ. ಬಾಂಗ್ಲಾದೇಶದಲ್ಲಿ ಸ್ವಿಸ್ ವಿಜ್ಞಾನಿಗಳು ಪ್ಲಾಸ್ಟಿಕ್ ಬಾಟಲಿ, ಕೆಲವು ಹನಿ ನಿಂಬೆರಸ ಮತ್ತು ಬಿಸಿಲಿನಿಂದಲೇ ಇದನ್ನು ಮಾಡಿ, 2001ರಲ್ಲಿ ಪ್ರಕಟಿಸಿದರು. ಸರಾಸರಿ ಮೂರರಲ್ಲಿ ಎರಡು ಪಾಲು ಆರ್ಸೆನಿಕ್ ಇಳಿಯಿತು. ಅದಕ್ಕೆ ನೀರಲ್ಲೇ ಕಬ್ಬಿಣ ಇರಬೇಕು, ಇಲ್ಲದಿದ್ದರೆ ಹೊರಗಿನಿಂದ ಹಾಕಬೇಕು.

ಸುರಪುರದ ನೀರಲ್ಲಿ ಯಾವ ರೂಪ ಎಷ್ಟಿದೆ, ಕಬ್ಬಿಣ ಎಷ್ಟಿದೆ ಅಂತ ಬೋರ್ ಬೋರ್‌ಗೂ ಅಳೆದು, ಅದೇ ನೀರಲ್ಲಿ, ಅದೇ ಊರಿನ ಬಿಸಿಲಲ್ಲಿ ಪುಡಿಯನ್ನು ಪರೀಕ್ಷಿಸುವುದು ನಮ್ಮ ಲ್ಯಾಬ್‌ಗಳಿಂದ ಆಗದ ಕೆಲಸವೇನಲ್ಲ. ಆದರೆ ಆರ್ಸೆನಿಕ್ ಮೂಲಧಾತು, ಬಣ್ಣದ ಹಾಗೆ ಒಡೆದು ಇಲ್ಲವಾಗುವುದಿಲ್ಲ. ನೀರಿನಿಂದ ಹೊರಬಂದು ಕೆಸರಲ್ಲಿ ಕೂರುತ್ತದೆ. ಆ ಕೆಸರನ್ನು ಹೊಲಕ್ಕೋ ಚರಂಡಿಗೋ ಚೆಲ್ಲುವಂತಿಲ್ಲ. ತಾಂಡಾದಿಂದ ಅದನ್ನು ಯಾರು, ಎಷ್ಟು ದಿನಕ್ಕೊಮ್ಮೆ, ಎಲ್ಲಿಗೆ ಒಯ್ಯಬೇಕು ಎನ್ನುವುದು ಮೊದಲ ಬಾಟಲಿ ಬಿಸಿಲಿಗಿಡುವ ಮುಂಚೆಯೇ ತೀರ್ಮಾನವಾಗಬೇಕು.