ಶಾಸಕರ ನಿಧನದ ನಂತರ ಕ್ಷೇತ್ರ ಎಷ್ಟು ದಿನ ಕಾಯಬೇಕು?

ಶಾಸಕರೊಬ್ಬರು ತೀರಿಕೊಂಡ ವಾರದೊಳಗೇ ಜನ ನನ್ನನ್ನು ಕೇಳುವುದು, 'ಟಿಕೆಟ್ ಮನೆಯವರಿಗೇ ಸಿಗುತ್ತದೆಯೇ?' ಎಂದು. ಚುನಾವಣಾ ವ್ಯಾಜ್ಯಗಳನ್ನು ನಡೆಸುವ ವಕೀಲನಾದ ನನಗೆ ಇದರಿಂದ ಬೇಸರವಾಗುತ್ತದೆ. ಕ್ಷೇತ್ರದ ದನಿ ಸದನದಲ್ಲಿ ಮತ್ತೆ ಕೇಳುವುದು ಯಾವಾಗ ಎಂದು ಯಾರೂ ಕೇಳುವುದಿಲ್ಲ.

ಉತ್ತರ 1951ರ ಪ್ರಜಾಪ್ರತಿನಿಧಿ ಕಾಯ್ದೆಯ 151ಎ ಕಲಮಿನಲ್ಲಿದೆ. ಸ್ಥಾನ ತೆರವಾದ ದಿನದಿಂದ ಆರು ತಿಂಗಳೊಳಗೆ ಉಪಚುನಾವಣೆ ನಡೆಯಬೇಕು. 1996ರ ತಿದ್ದುಪಡಿಗೆ ಮುನ್ನ ಈ ಗಡುವೇ ಇರಲಿಲ್ಲ. ಈಗಲೂ ಎರಡು ವಿನಾಯಿತಿಗಳಿವೆ. ಉಳಿದ ಅವಧಿ ಒಂದು ವರ್ಷಕ್ಕಿಂತ ಕಡಿಮೆಯಿದ್ದರೆ ಗಡುವು ಅನ್ವಯಿಸುವುದಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಉಮೇಶ್ ಕತ್ತಿ ನಿಧನರಾದಾಗ ಹುಕ್ಕೇರಿಯಲ್ಲಿ ಉಪಚುನಾವಣೆ ನಡೆಯದಿದ್ದುದು ಇದರಿಂದಲೇ. ಜನ 2023ರ ಮೇ ತನಕ ಕಾದರು.

ನನ್ನನ್ನು ಕಾಡುವುದು ಎರಡನೆಯದು. ಗಡುವಿನೊಳಗೆ ಮತದಾನ ಕಷ್ಟವೆಂದು ಕೇಂದ್ರ ಸರ್ಕಾರದೊಡನೆ ಸಮಾಲೋಚಿಸಿ ಚುನಾವಣಾ ಆಯೋಗ ದೃಢೀಕರಿಸಿದರೆ ಸಾಕು, ದಿನ ಮುಂದೆ ಹೋಗುತ್ತದೆ. ಸಿ.ಎಸ್. ಶಿವಳ್ಳಿ 2019ರ ಮಾರ್ಚ್‌ನಲ್ಲಿ ತೀರಿಕೊಂಡರು. ಕುಂದಗೋಳ ಮೇ 19ರಂದೇ ಮತ ಹಾಕಿತು. ಎಂ.ಸಿ. ಮನಗೂಳಿ 2021ರ ಜನವರಿಯಲ್ಲಿ ತೀರಿಕೊಂಡರು; ಕೋವಿಡ್ ನಡುವೆ ಬಂದು ಸಿಂದಗಿಯ ಮತದಾನ ಅಕ್ಟೋಬರ್ 30ಕ್ಕೆ ನಡೆಯಿತು. ಕಾರಣ ಸಾಚಾ ಆಗಿತ್ತು, ಒಪ್ಪುತ್ತೇನೆ. ಆದರೆ ಮುಂದೂಡಿಕೆಯ ಕಾರಣವನ್ನು ಆಯಾ ಕ್ಷೇತ್ರದ ಪ್ರತಿ ಗ್ರಾಮ ಪಂಚಾಯಿತಿಯ ಫಲಕದಲ್ಲೂ ಕನ್ನಡದಲ್ಲಿ ಅಂಟಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ಅನುಕಂಪದ ಅಲೆ. 2017ರಲ್ಲಿ ಗುಂಡ್ಲುಪೇಟೆ, 2019ರಲ್ಲಿ ಕುಂದಗೋಳ ಅಗಲಿದವರ ಪತ್ನಿಯರನ್ನು ಗೆಲ್ಲಿಸಿದವು, ಕುಂದಗೋಳದ ಅಂತರ ಎರಡು ಸಾವಿರವನ್ನೂ ಮುಟ್ಟಲಿಲ್ಲ. 2020ರಲ್ಲಿ ಶಿರಾ, 2021ರಲ್ಲಿ ಬಸವಕಲ್ಯಾಣ ಹಾಗೆ ಮಾಡಲಿಲ್ಲ. ಸಿಂದಗಿಯಲ್ಲಿ ಮಗ ಸೋತರು. ಮತದಾರ ಕಣ್ಣೀರನ್ನೂ ಗೌರವಿಸುತ್ತಾನೆ, ಲೆಕ್ಕವನ್ನೂ ಹಾಕುತ್ತಾನೆ.

ಗೆದ್ದವರಿಗೆ ಸಿಗುವುದು ಐದು ವರ್ಷವಲ್ಲ, ಉಳಿದ ಅವಧಿ ಮಾತ್ರ. ಸಿಂದಗಿಯ ಹೊಸ ಶಾಸಕರಿಗೆ ಸಿಕ್ಕದ್ದು ಸುಮಾರು ಹದಿನೆಂಟು ತಿಂಗಳು. ಪ್ರಚಾರಕ್ಕೆ ಬಂದವರನ್ನು ಆ ಅವಧಿಯಲ್ಲಿ ಯಾವ ಒಂದು ಕೆಲಸ ಮುಗಿಸುತ್ತೀರಿ ಎಂದು ಕೇಳಿ. ನಿಮ್ಮ ಹೆಸರು ಮತದಾರರ ಪಟ್ಟಿಯಲ್ಲಿದೆಯೇ ಎಂಬುದನ್ನು ಸ್ಥಾನ ತೆರವಾದ ಕೂಡಲೇ ನೋಡಿಕೊಳ್ಳಿ. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ದಾಟಿದರೆ ಆ ಚುನಾವಣೆಗೆ ಹೆಸರು ಸೇರಿಸಲು ಕಾನೂನಿನಲ್ಲಿ ದಾರಿಯಿಲ್ಲ.